ಬಕೆಟ್ ಅಲ್ಲ ಕಣೋ, ಬುಕೇ

ಲೋ ಮಾರಾಯ,

ಫೋನ್ ಮಾಡಿದ್ರೆ ಎತ್ತಲ್ಲ, ವಾಯ್ಸ್ ನೋಟ್ ಕಳ್ಸಿದ್ರೆ ಹೆಬ್ಬೆಟ್ಟು ತೋರ್ಸಿ ಸುಮ್ನಾಗ್ತೀಯ. ಅದಕ್ಕೇ ಇಲ್ಲೇ ಎಲ್ರ ಎದುರಿಗೆ ಬರೀತಿದೀನಿ. ನಾಲ್ಕು ಜನ ಓದ್ತಾರೆ ಅಂದ್ರೆ ನೀನು ಓದೇ ಓದ್ತೀಯ ಅಂತ ನಂಗೆ ಗೊತ್ತು. ನಮ್ ನಾಟಕದ ಮೂರನೇ ಬೆಲ್ ಕತೆ ಮಾತ್ರ ಹೇಳಲ್ಲ, ಆಣೆ.

ವಿಷ್ಯ ಏನಂದ್ರೆ ನಾನು ಒಂದು ತಿಂಗಳಿಂದ ರಾತ್ರಿ ಊಟ ಆದ್ಮೇಲೆ ಇಂಗ್ಲೆಂಡಿನ ನಟಿ ಪೆಟ್ರೀಷಿಯಾ ರೌಟ್‌ಲೆಜ್ ಅವರದ್ದು ಏನೇನು ಸಿಗುತ್ತೋ ಅಷ್ಟನ್ನೂ ಹುಡುಕ್ಕೊಂಡು ನೋಡ್ತಾ ಕೂತಿದೀನಿ. ನೆನಪಿದ್ಯಾ? ಮೈಸೂರು ರೂಮಿಗೆ ನೀನು ಪೆನ್ ಡ್ರೈವಲ್ಲಿ ತಂದಿದ್ಯಲ್ಲ, ಟೋಪಿ ಹಾಕ್ಕೊಂಡು ಹೂವಿನ ಫ್ರಾಕ್ ಹಾಕ್ಕೊಂಡು ಊರಿಗೆಲ್ಲ ದೊಡ್ಡ ಮನೆಯವಳ ಥರ ಓಡಾಡೋ ಹೆಂಗಸು, ಹಯಸಿಂತ್ ಬಕೆಟ್, ಆ ಪಾತ್ರ ಮಾಡಿದ್ದು ಇವರೇ. ಹೆಸರು ಬಕೆಟ್, ಆದ್ರೆ ಯಾರಾದ್ರೂ ಹಂಗಂದ್ರೆ ಮುಗೀತು, ಬುಕೇ ಅಂತಾನೇ ಅನ್ಬೇಕು, ಹೂಗುಚ್ಛಕ್ಕೆ ಅಂತಾರಲ್ಲ ಹಂಗೆ. ನಮ್ ರೂಮಲ್ಲಿ ಬಕೆಟ್ ಅಂದ್ರೆ ಯಾರು ಅಂತ ಎಲ್ರಿಗೂ ಗೊತ್ತಿತ್ತಲ್ಲ, ನೀನು ಮೊದಲ ಸೀನಿಗೇ ಚಾಪೆ ಮೇಲೆ ಉರುಳಾಡಿ ನಕ್ಕಿದ್ದೆ, ಕೆಳಗಿನ ಮನೆ ಅಜ್ಜಿ ಕೋಲಲ್ಲಿ ಸೀಲಿಂಗ್ ಕುಟ್ಟಿದ್ರು.

ಅವ್ರು 2025ರ ಅಕ್ಟೋಬರ್ 3ಕ್ಕೆ ಹೋಗ್ಬಿಟ್ರು. 96 ವರ್ಷ. ಸುದ್ದಿ ಓದ್ದಾಗ ಛೇ ಅಂದ್ಕೊಂಡು ಸುಮ್ನಾಗಿದ್ದೆ, ಆಮೇಲೆ ಯಾವತ್ತೋ ಒಂದಿನ ರಾತ್ರಿ ನಿದ್ದೆ ಬರ್ದೆ ಒಂದು ಕ್ಲಿಪ್ ಹಾಕ್ದೆ, ಅಲ್ಲಿಂದ ಶುರುವಾಯ್ತು.

ನಾವಿಬ್ರೂ ಏನು ಅಂದ್ಕೊಂಡಿದ್ವಿ ಹೇಳು? ಟೀವಿಯ ಕಾಮಿಡಿ ನಟಿ, ಒಂದು ಪಾತ್ರ ಕೈ ಹಿಡೀತು, ಅಷ್ಟೇ ಅಂತ ತಾನೆ? ಆ ಸೀರಿಯಲ್ಲು ಬಿಬಿಸಿಲಿ ಶುರುವಾಗಿದ್ದು 1990ರ ಅಕ್ಟೋಬರಲ್ಲಿ. ಆಗ ಅವ್ರಿಗೆ 61 ವರ್ಷ ಕಣೋ! ಲಿವರ್‌ಪೂಲ್ ಪ್ಲೇಹೌಸಲ್ಲಿ ಮೊದ್ಲು ಸ್ಟೇಜ್ ಹತ್ತಿದ್ದು 1952ರಲ್ಲಿ. ಅಂದ್ರೆ ನಾವು ನೋಡಿ ನಕ್ಕಿದ್ದರ ಹಿಂದೆ 38 ವರ್ಷದ ದುಡಿಮೆ ಇತ್ತು, ಅದರಲ್ಲಿ ಹಾಡೂ ಇತ್ತು. ಹೌದು, ಹಾಡು. ಅವ್ರು ಪಳಗಿದ ಗಾಯಕಿ. 1968ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಲಿ ‘ಡಾರ್ಲಿಂಗ್ ಆಫ್ ದ ಡೇ’ ಅಂತ ಒಂದು ಮ್ಯೂಸಿಕಲ್, ಅಂದ್ರೆ ಹಾಡಿನ ನಾಟಕ, ಮಾಡಿದ್ರು, ನಾಟಕ ಒಂದು ತಿಂಗಳಿಗೆಲ್ಲ ಮುಚ್ಕೊಂಡು ಹೋಯ್ತು, ಆದ್ರೆ ಇವರಿಗೆ ಅಲ್ಲಿನ ನಾಟಕದೋರಿಗೆ ಕೊಡೋ ದೊಡ್ಡ ಪ್ರಶಸ್ತಿ, ಟೋನಿ, ಬಂತು, ಇನ್ನೊಬ್ರು ನಟಿ ಲೆಸ್ಲಿ ಅಗಮ್ಸ್ ಅವರ ಜೊತೆ ಹಂಚ್ಕೊಂಡ್ರು. ಮುಳುಗೋ ಹಡಗಲ್ಲಿ ನಿಂತ್ಕೊಂಡು ಅಷ್ಟು ಚೆನ್ನಾಗಿ ಹಾಡಿದಾರೆ ಅಂದ್ರೆ ಯೋಚ್ನೆ ಮಾಡು.

ಇನ್ನೊಂದು ಮುಳುಗಿದ ಹಡಗು, ಇದನ್ನ ನಿಂಗೆ ಹೇಳ್ಲೇಬೇಕು. 1976. ಲೆನರ್ಡ್ ಬರ್ನ್‌ಸ್ಟೈನ್ ಸಂಗೀತ, ಅಮೆರಿಕದ ಅಧ್ಯಕ್ಷರ ಮನೆ ಬಗ್ಗೆ ಮ್ಯೂಸಿಕಲ್ಲು, ‘1600 ಪೆನ್ಸಿಲ್ವೇನಿಯಾ ಅವೆನ್ಯೂ’ ಅಂತ. ಬ್ರಾಡ್‌ವೇಲಿ ಏಳೇ ಪ್ರದರ್ಶನ. ಅದರಲ್ಲಿ ರೌಟ್‌ಲೆಜ್ ಒಬ್ರೇ ಬೇರೆಬೇರೆ ಅಧ್ಯಕ್ಷರ ಹೆಂಡತಿಯರು. ಒಂದು ಹಾಡಿದೆ, ಅಧಿಕಾರ ಬಿಟ್ಟು ಹೋಗ್ತಿರೋ ಗ್ರಾಂಟ್ ಅವರ ಹೆಂಡತಿ, ಅಧಿಕಾರಕ್ಕೆ ಬರ್ತಿರೋ ಹೇಯ್ಸ್ ಅವರ ಹೆಂಡತಿ, ಇಬ್ರೂ ಇವರೇ, ಒಂದೇ ಹಾಡಲ್ಲಿ, ಒಂದೇ ಗಂಟಲಲ್ಲಿ. ಒಬ್ಳು ಎದೆಯಿಂದ ದಪ್ಪಗೆ ಹಾಡ್ತಾಳೆ, ಇನ್ನೊಬ್ಳು ತಾರಕದಲ್ಲಿ ಗಿಣಿ ಥರ. ನಮ್ ಕಡೆ ಬಯಲಾಟದಲ್ಲಿ ಒಬ್ನೇ ದೂತನೂ ಆಗಿ ರಾಜನೂ ಆಗಿ ಮೇಕಪ್ ಬದ್ಲಾಯ್ಸೋಕೆ ಒಳಗೆ ಓಡ್ತಾನಲ್ಲ, ಇಲ್ಲಿ ಓಡೋದಕ್ಕೇ ಟೈಮಿಲ್ಲ, ಗಂಟಲಲ್ಲೇ ಬದ್ಲಾಯ್ಸ್ಬೇಕು.

1980ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಲ್ಲಿ ಬಯಲು ರಂಗಮಂದಿರದಲ್ಲಿ ‘ಪೈರೇಟ್ಸ್ ಆಫ್ ಪೆನ್ಜಾನ್ಸ್’. 1988ರಲ್ಲಿ ಲಂಡನ್ನಿನ ಓಲ್ಡ್ ವಿಕ್‌ನಲ್ಲಿ ‘ಕ್ಯಾಂಡೀಡ್’, ಅದಕ್ಕೆ ಲಂಡನ್ ನಾಟಕದೋರ ಆಲಿವಿಯೆ ಪ್ರಶಸ್ತಿ. ಅದೇ ವರ್ಷ ಬಿಬಿಸಿಲಿ ಅಲನ್ ಬೆನೆಟ್ ಬರೆದ ಏಕಪಾತ್ರದ ಸರಣಿ ಬಂತು, ಅದ್ರಲ್ಲಿ ಇವರದ್ದು ಮಿಸ್ ರಡಕ್ ಅಂತ ಒಂಟಿ ಹೆಂಗಸಿನ ಪಾತ್ರ. ಸಿಕ್ಕಸಿಕ್ಕೋರಿಗೆಲ್ಲ ದೂರಿನ ಪತ್ರ ಬರೆಯೋದೇ ಕೆಲಸ, ಕೊನೆಗೆ ಆ ಪತ್ರಗಳೇ ಅವಳನ್ನ ಜೈಲಿಗೆ ತಳ್ಳುತ್ವೆ, ಅಲ್ಲಿ ಹೋದ್ಮೇಲೆ ಅವ್ಳು ಬದುಕಲ್ಲಿ ಮೊದಲ ಸಲ ಖುಷಿಯಾಗಿರ್ತಾಳೆ, ಸುತ್ತಲೂ ಮಾತಾಡೋಕೆ ಜನ ಸಿಗ್ತಾರಲ್ಲ. ಅರ್ಧ ಗಂಟೆ, ಒಂದೇ ಮುಖ, ಕ್ಯಾಮೆರಾ ನೋಡ್ಕೊಂಡು ಮಾತು. ನಂಗೆ ಎದೆ ಹಿಂಡ್ದಂಗಾಯ್ತು. ನನ್ನ ಲೆಕ್ಕದಲ್ಲಿ ಅವರ ಅತಿ ದೊಡ್ಡ ಕೆಲಸ ಅದೇ, ನೀನು ಜಗಳ ಆಡು ಬೇಕಾದ್ರೆ.

ಇಷ್ಟೆಲ್ಲ ಆದ್ಮೇಲೆ ಬಂದಿದ್ದು ನಮ್ ಹಯಸಿಂತ್. ರಾಯ್ ಕ್ಲಾರ್ಕ್ ಬರೆದಿದ್ದು, ‘ಕೀಪಿಂಗ್ ಅಪ್ ಅಪಿಯರೆನ್ಸಸ್’. ಈಗ ಕೇಳು, ನನ್ನ ತಲೆ ಕೆಡಿಸಿದ್ದು ಇದು. ಪಕ್ಕದ ಮನೆ ಎಮೆಟ್ ಇದಾನಲ್ಲ, ಸಂಗೀತದೋನು. ಅವನ ಕಣ್ಣಿಗೆ ಬಿದ್ರೆ ನಾಟಕದಲ್ಲಿ ಚಾನ್ಸ್ ಸಿಗುತ್ತೆ ಅಂತ ಹಯಸಿಂತ್‌ಗೆ ಆಸೆ. ಅವನು ಮನೆಯಿಂದ ಹೊರಗೆ ಬರೋದೇ ಕಾಯ್ತಾಳೆ, ಬಾಗಿಲಲ್ಲಿ ಅವನ ತಲೆ ಕಾಣ್ತಿದ್ದಂಗೆ ಬಾಯಿ ತೆಗ್ದು ಹಾಡು ಶುರು. ಅವನು ಪಾಪ ಬಗ್ಗಿಕೊಂಡು ಓಡ್ತಾನೆ. ಮೊದ್ಲು ನಾವು ಅವನ ಓಟ ನೋಡಿ ನಗ್ತಿದ್ವಿ. ಈ ಸಲ ನಾನು ಕಣ್ಣು ಮುಚ್ಕೊಂಡು ಬರೀ ಹಾಡು ಕೇಳ್ದೆ. ನಾಲ್ಕು ಸಲ ಹಿಂದಕ್ಕೆ ಹಾಕಿ ಕೇಳ್ದೆ. ಅವ್ರು ಸ್ವರ ತಪ್ಪಿಸ್ತಿದಾರಲ್ಲ, ಅದು ಅಡ್ಡಾದಿಡ್ಡಿ ತಪ್ಪಲ್ಲ. ಸ್ವರದ ಪಕ್ಕಕ್ಕೆ ಬಂದು, ಇನ್ನೇನು ಮುಟ್ಟೇಬಿಟ್ಟೆ ಅನ್ನೋ ಜಾಗಕ್ಕೆ ಬಂದು, ಒಂದು ಕೂದಲೆಳೆ ಮೇಲೆ ಹೋಗ್ತಾರೆ. ಪ್ರತಿ ಸಲಾನೂ. ನಿಂಗೆ ಗೊತ್ತಲ್ಲ, ನಮ್ ಹಾರ್ಮೋನಿಯಂ ಮೇಷ್ಟ್ರು ಏನು ಹೇಳ್ತಿದ್ರು, ಶ್ರುತಿ ಗೊತ್ತಿಲ್ದೋನು ತಪ್ಪಿದ್ರೆ ಕಿವಿಗೆ ನೋವು, ಗೊತ್ತಿರೋನು ಬೇಕಂತ ತಪ್ಪಿದ್ರೆ ಅದು ಪಾತ್ರ ಅಂತ. ಅವತ್ತು ತಲೆಗೆ ಹೋಗಿರ್ಲಿಲ್ಲ. ಟೋನಿ ಗೆದ್ದ ಗಂಟಲು, ಐದು ವರ್ಷ, 44 ಎಪಿಸೋಡು, ಆ ಒಂದು ಕೂದಲೆಳೆ ಅಂತರ ಕಾಯ್ಕೊಂಡು ಬಂದಿದೆ.

ಯಾಕೆ ಅಷ್ಟು ಕಷ್ಟ ಪಟ್ರು ಅಂದ್ರೆ, ಹಯಸಿಂತ್ ಕೆಟ್ಟದಾಗಿ ಹಾಡೋಕೆ ಹೋಗ್ತಿಲ್ವಲ್ಲ ಮಾರಾಯ. ಅವ್ಳು ಜೀವ ಬಿಟ್ಟು ಚೆನ್ನಾಗಿ ಹಾಡೋಕೆ ನೋಡ್ತಿದಾಳೆ. ಅವಳ ಮಾತೂ ಹಂಗೇ, ನಡಿಗೆನೂ ಹಂಗೇ, ಆ ಪಿಂಗಾಣಿ ಕಪ್ಪು ಬಸಿನೂ ಹಂಗೇ. ರೌಟ್‌ಲೆಜ್ ಅವಳನ್ನ ಒಂದು ಕ್ಷಣನೂ ಆಡ್ಕೊಳ್ಳಲ್ಲ. ನಾಲ್ಕು ಜನರ ಕಣ್ಣಿಗೆ ಎಲ್ಲಿ ಕೀಳಾಗಿ ಕಾಣ್ತೀನೋ ಅನ್ನೋ ಅವಳ ಭಯ ಇವರಿಗೆ ಗೊತ್ತಿತ್ತು ಅನ್ಸುತ್ತೆ ನಂಗೆ. ಲಿವರ್‌ಪೂಲ್ ಎದುರಿಗೆ ನದಿ ಆಚೆ ದಡದ ಬರ್ಕನ್‌ಹೆಡ್ ಅವರ ಊರು, ಅಪ್ಪನದ್ದು ಗಂಡಸರ ಬಟ್ಟೆ ಅಂಗಡಿ, ಯುದ್ಧದ ಕಾಲದಲ್ಲಿ ವಾರಗಟ್ಟಲೆ ಅದೇ ಅಂಗಡಿ ನೆಲಮಾಳಿಗೆಲಿ ಇದ್ದವರು. ಅಂಗಡಿ ಮಕ್ಕಳಿಗೆ ಬಾಗಿಲಿಗೆ ಬಂದೋರ ಮುಖ ಓದೋದು ಯಾರೂ ಹೇಳ್ಕೊಡ್ಬೇಕಾಗಿಲ್ಲ.

ಸರಿ, ಈಗ ಫೋನಿನ ಸೀನು. ಬಿಳಿ ಫೋನು, ರಿಂಗ್ ಆಗ್ತಿದ್ದಂಗೆ ಸೆರಗು ಸರಿ ಮಾಡ್ಕೊಂಡಂಗೆ ಧ್ವನಿ ಸರಿ ಮಾಡ್ಕೊಂಡು ‘ಬುಕೇ ನಿವಾಸ, ಮನೆಯೊಡತಿ ಮಾತಾಡ್ತಿರೋದು’ ಅಂತಾಳಲ್ಲ. ಆ ಕಡೆ ತಂಗಿ ವಯಲೆಟ್ ಇದ್ರೆ ಪಕ್ಕದಲ್ಲಿ ಕೂತಿರೋ ಎಮೆಟ್‌ನ ಅಕ್ಕತಂಗಿ ಎಲಿಜಬೆತ್‌ಗೆ ಕೇಳೋ ಹಂಗೆ ಗಟ್ಟಿಯಾಗಿ, ನನ್ನ ತಂಗಿ ವಯಲೆಟ್, ಮರ್ಸಿಡಿಸ್ ಇರೋಳು, ಮನೇಲೇ ಸೌನಾ ಇರೋಳು, ಕುದುರೆಮರಿ ಕಟ್ಟೋಕೆ ಜಾಗ ಇರೋಳು. ಆ ಕಡೆ ಇನ್ನೊಬ್ಳು ತಂಗಿ ಡೇಸಿ ಇದ್ರೆ? ಡೇಸಿ ಗಂಡ ಆನ್ಸ್ಲೊ ಬನಿಯನ್ನಲ್ಲಿ ಬಿಯರ್ ಕುಡೀತಾ ಟೀವಿ ಮುಂದೆ ಬಿದ್ದಿರ್ತಾನೆ, ಮನೆ ಮುಂದೆ ಕೆಟ್ಟು ನಿಂತ ಕಾರು, ಒಳಗೊಂದು ನಾಯಿ. ಆಗ ಧ್ವನಿ ಇಳಿಯುತ್ತೆ, ಫೋನು ಗೋಡೆ ಕಡೆ ತಿರುಗುತ್ತೆ.

ಇದನ್ನ ನೋಡ್ತಾ ನಾನು ಫೋನ್ ಕೆಳಗಿಟ್ಟೆ ಕಣೋ. ನಗು ಬರ್ಲಿಲ್ಲ.

ಇಲ್ಲಿವರ್ಗೂ ಅವರ ಬಗ್ಗೆನೇ ಬರೀಬೇಕು ಅಂತ ಇದ್ದಿದ್ದು. ಆದ್ರೆ ನಿಂಗೆ ಹೇಳ್ದೆ ಇನ್ಯಾರಿಗೆ ಹೇಳ್ಲಿ.

ಎರಡು ತಿಂಗಳ ಹಿಂದೆ ಒಂದು ಶನಿವಾರ ಸಂಜೆ, ನಮ್ಮನೆಗೆ ಆಫೀಸಿನ ದೊಡ್ಡೋರು ಫ್ಯಾಮಿಲಿ ಸಮೇತ ಬಂದಿದ್ರು. ಕಾಫಿ, ಚೌಚೌಬಾತು, ಸೋಫಾ ಮೇಲೆ ಹೊಸ ಕವರು. ನಾನು ನ್ಯೂಜೆರ್ಸಿಲಿರೋ ದೊಡ್ಡಪ್ಪನ ಮಗನ ವಿಷ್ಯ ಹೇಳ್ತಾ ಇದ್ದೆ, ಅವನ ಮನೆ, ಅವನ ಕಾರು. ಅಷ್ಟ್ರಲ್ಲಿ ಗೇಟಿಂದ ಸೆಕ್ಯುರಿಟಿ ಫೋನ್ ಮಾಡ್ದ. ಸಾರ್, ಯಾರೋ ಬಂದಿದಾರೆ, ನಿಮ್ಮಣ್ಣ ಅಂತಿದಾರೆ, ಮೂಟೆ ತಂದಿದಾರೆ, ಮೇಲಕ್ಕೆ ಕಳಿಸ್ಲಾ ಅಂದ.

ನಾನು ಏನಂದೆ ಗೊತ್ತಾ? ಎದ್ದು ಬಾಲ್ಕನಿಗೂ ಹೋಗಿಲ್ಲ, ಕೂತಲ್ಲೇ, ಅವ್ರ ಮುಂದೇನೇ, ಓ ಊರಿಂದ ಕಾಯಿ ಬಂದಿರ್ಬೇಕು, ಅಲ್ಲೇ ಇಡಿಸ್ಕೊಳಿ, ಆಮೇಲೆ ತಗೋತೀನಿ ಅಂದೆ. ಯಾರು ಅಂತ ಆ ಮೇಡಮ್ ಕೇಳಿದ್ರು. ತೋಟ ನೋಡ್ಕೊಳ್ಳೋರು ಅಂದೆ.

ಸುಳ್ಳಲ್ಲ ನೋಡು. ಅಣ್ಣ ತೋಟ ನೋಡ್ಕೊಳ್ತಾನೆ. ಅಪ್ಪ ಹೋದಾಗಿಂದ ಅವನೇ ನೋಡ್ಕೊಳ್ತಿರೋದು. ಆ ತೋಟದ ಕೊಬ್ಬರಿ ಅರಸೀಕೆರೆಲಿ ಹಾಕಿ ನನ್ನ ಫೀಸ್ ಕಟ್ಟಿದ್ದು, ನಮ್ ಮೈಸೂರು ರೂಮಿನ ಅಡ್ವಾನ್ಸ್ ಕೊಟ್ಟಿದ್ದು, ನಿಂಗೂ ಗೊತ್ತು, ನೀನೂ ಅವನು ತಂದ ರಾಗಿಹಿಟ್ಟಲ್ಲಿ ಮುದ್ದೆ ಉಂಡಿದೀಯ. ಸುಳ್ಳು ಹೇಳ್ದೆನೇ ಒಬ್ಬ ಮನುಷ್ಯನ್ನ ಇಲ್ಲ ಅನ್ನಿಸ್ಬಹುದು ಅಂತ ನಂಗೆ ಅವತ್ತೇ ಗೊತ್ತಾಗಿದ್ದು.

ಅವ್ರೆಲ್ಲ ಹೋದಾಗ ರಾತ್ರಿ ಒಂಬತ್ತು. ಕೆಳಗೆ ಹೋದೆ. ಸೆಕ್ಯುರಿಟಿ ಹುಡ್ಗ, ಅರ್ಧ ಗಂಟೆ ಈ ಬೆಂಚ್ ಮೇಲೆ ಕೂತಿದ್ರು ಸಾರ್, ಆಮೇಲೆ ಲಾಸ್ಟ್ ಬಸ್ ಅಂತ ಹೋದ್ರು ಅಂದ. ಅವನು ಗೇಟಲ್ಲಿ ಯಾವಾಗ್ಲೂ ಫೋನ್ ಸ್ಪೀಕರಲ್ಲೇ ಇಡೋದು, ಕೈಲಿ ರಿಜಿಸ್ಟರ್ ಇರುತ್ತಲ್ಲ. ಮೂಟೆ ಗೋಡೆಗೆ ಒರಗ್ಸಿತ್ತು. ಒಳಗೆ ಜುಟ್ಟು ಬಿಟ್ಟು ಸುಲಿದ ಕಾಯಿ, ಮೇಲೆ ಒಂದು ಕವರಲ್ಲಿ ಅವರೆಕಾಳು, ಬಿಡಿಸಿದ್ದು. ಮೂಟೆ ಬಾಯಿಗೆ ಅಣ್ಣನ ಹಸಿರು ಟವೆಲ್ ಕಟ್ಟಿತ್ತು. ಹೆಗಲ ಮೇಲಿಂದ ಅವನು ಅದನ್ನ ಇಳಿಸಿದ್ದೇ ನಾನು ನೋಡಿಲ್ಲ.

ಫೋನ್ ಮಾಡ್ದೆ. ಬಸ್ಸಲ್ಲಿದ್ದ. ‘ದೊಡ್ಡೋರ್ ಯಾರೋ ಇದ್ರಂತೆ, ಇರ್ಲಿ ಬಿಡ್ಲಾ. ಅವರೆಕಾಳು ನಾಳೆನೇ ಸಾರಿಗ್ ಹಾಕು, ಕೆಟ್ಟೋಯ್ತದೆ’ ಅಂದ. ಅಷ್ಟೇ. ಧ್ವನಿಲಿ ಒಂಚೂರೂ ವ್ಯತ್ಯಾಸ ಇಲ್ಲ. ಅವನಿಗೆ ಇರೋದೇ ಒಂದು ಧ್ವನಿ.

ಈಗ ಹಯಸಿಂತ್ ಬಗ್ಗೆ ಒಂದು ಮಾತು ಹೇಳ್ಲಾ? ಡೇಸಿ ಫೋನ್ ಮಾಡಿ, ಅಪ್ಪ ಮತ್ತೆ ಏನೋ ಮಾಡ್ಕೊಂಡಿದಾರೆ ಅಂದ್ರೆ ಅವ್ಳು ಹೊರಡ್ತಾಳೆ. ಗಂಡ ರಿಚರ್ಡ್ ಕೈಲಿ ಕಾರ್ ತೆಗ್ಸಿ, ಯಾರೂ ನೋಡ್ದೆ ಇರ್ಲಿ ಅಂತ ಒದ್ದಾಡ್ಕೊಂಡು, ಆ ಕೆಟ್ಟ ಕಾರಿನ ನಾಯಿ ಬೊಗಳಿದ್ದಕ್ಕೆ ಬೆಚ್ಚಿಬಿದ್ದು, ಆದ್ರೂ ಆ ಮನೆ ಒಳಗೆ ಹೋಗ್ತಾಳೆ. ನಾಚ್ಕೆ ಪಟ್ಕೊಂಡೇ ಹೋಗ್ತಾಳೆ, ಆದ್ರೆ ಹೋಗ್ತಾಳೆ. ನಾನು ಲಿಫ್ಟ್ ಇಳೀಲಿಲ್ಲ ಕಣೋ. ಐದನೇ ಫ್ಲೋರು.

ಇದನ್ನ ಬರೀಬಾರ್ದಿತ್ತೇನೋ. ಬರ್ದಾಗಿದೆ, ಅಳಿಸಲ್ಲ.

ಬಿಡು. ನೋಡ್ಬೇಕಾಗಿರೋದು ಹೇಳ್ತೀನಿ, ಬರ್ಕೊ. ಮೊದ್ಲು ಮಿಸ್ ರಡಕ್. ಆಮೇಲೆ ಕಾಮಿಡಿ ಮಾಡ್ತಿದ್ದ ವಿಕ್ಟೋರಿಯಾ ವುಡ್ ಅವರ ಟೀವಿ ಶೋಲಿ ಇವರು ಕಿಟ್ಟಿ ಅನ್ನೋ ಪಾತ್ರದಲ್ಲಿ ಕುರ್ಚಿ ಮೇಲೆ ಕೂತು ಮಾತಾಡೋ ತುಣುಕುಗಳು, ಎಂಬತ್ತರ ದಶಕದ್ದು, ಒಂದೊಂದೂ ಐದು ನಿಮಿಷ ಇಲ್ಲ, ಬಸ್ಸಲ್ಲಿ ನೋಡ್ಬೇಡ, ಜನ ತಿರುಗಿ ನೋಡ್ತಾರೆ ಹಂಗೆ ನಗ್ತೀಯ. ಆಮೇಲೆ ಹೆಟ್ಟಿ ವೇನ್‌ಥ್ರಾಪ್ ಸೀರಿಯಲ್ಲು, 1996ರಿಂದ ಬಂದಿದ್ದು. ಹಯಸಿಂತ್ ಅಷ್ಟು ಓಡ್ತಿರೋವಾಗ್ಲೇ ಸಾಕು ಅಂತ ಎದ್ದು ಹೋಗಿ, ಲ್ಯಾಂಕಷೈರಿನ ಸಾದಾ ಗೃಹಿಣಿ ಪತ್ತೇದಾರಿಯಾಗಿ ಬಂದ್ರು ನೋಡು, ಅಲ್ಲಿ ಧ್ವನಿ ಪೂರ್ತಿ ನೆಲಕ್ಕಿಳಿದಿದೆ, ಆ ಉತ್ತರದ ಕಡೆ ಮಾತು, ಸೋಗು ಒಂಚೂರೂ ಇಲ್ಲ. ನಂಗೆ ಅದು ಕೇಳೋಕೆ ಎಷ್ಟು ಹಿತ ಅನ್ಸುತ್ತೆ ಅಂದ್ರೆ ಕತೆ ಏನಾಯ್ತು ಅಂತ ಮರ್ತೇ ಹೋಗುತ್ತೆ. 2017ರಲ್ಲಿ ಡೇಮ್ ಅಂತ ಬಿರುದು ಕೊಟ್ರು, ಗಂಡಸರಿಗೆ ಸರ್ ಅಂತಾರಲ್ಲ ಹಂಗೆ, ಆಗ್ಲೇ 88 ಹತ್ರ ಆಗಿತ್ತು, ತಡ ಅಂತ ನನ್ನ ಸಿಟ್ಟು. ವಯಸ್ಸಾದ್ಮೇಲೂ ಸುಮ್ನೆ ಕೂತಿಲ್ಲ, ಮೈರಾ ಹೆಸ್ ಅಂತ ಪಿಯಾನೊ ವಾದಕಿ, ಯುದ್ಧದ ಟೈಮಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಲಿ ಮಧ್ಯಾಹ್ನದ ಕಚೇರಿ ನಡೆಸಿದೋರು, ಟಿಕೆಟ್ ಒಂದು ಶಿಲ್ಲಿಂಗ್, ಅವರ ಕತೆನ ಸ್ಟೇಜಲ್ಲಿ ಹೇಳ್ತಾ ಊರೂರು ತಿರುಗಿದ್ರು.

ಟವೆಲ್ ತೊಳ್ದು ಮಡಚಿ ಇಟ್ಟಿದೀನಿ. ಎರಡು ತಿಂಗಳಾಯ್ತು, ಬೀರುಲೇ ಇದೆ. ಬರೋ ಭಾನುವಾರ ಕೊಟ್ಟು ಬರೋಣ ಅಂತ. ಒಬ್ನೇ ಹೋದ್ರೆ ಅಣ್ಣ ಮಾತಾಡೋಕೆ ಬಿಡಲ್ಲ, ಬಾ ಉಣ್ಣು ಅಂತ ಎಲೆ ಹಾಕ್ಬಿಡ್ತಾನೆ, ನಾನೂ ಉಂಡು ಎದ್ದು ಬಂದ್ಬಿಡ್ತೀನಿ. ನೀನು ಜೊತೆಗಿದ್ರೆ ಅತ್ತಿಗೆ ನಿನ್ನ ಹಿಡ್ಕೊಂಡು ಮದ್ವೆ ಯಾವಾಗ ಅಂತ ಶುರು ಮಾಡ್ತಾರೆ, ಆ ಗ್ಯಾಪಲ್ಲಿ ನಾನೂ ಅಣ್ಣನೂ ತೋಟದ ಕಡೆ ಹೋಗ್ಬಹುದು. ಬೆಳಿಗ್ಗೆ ಆರಕ್ಕೆ ನಿನ್ನ ಮನೆ ಹತ್ರ ಬರ್ತೀನಿ, ತಿಪಟೂರಲ್ಲಿ ತಿಂಡಿ. ಹಾಡು ನಾನೇ ಹಾಕೋದು, ಹೋದ ಸಲದ ಥರ ನಿನ್ನ ಕೈಗೆ ಫೋನ್ ಕೊಡಲ್ಲ.

ಹೆಬ್ಬೆಟ್ಟು ಕಳಿಸ್ಬೇಡ. ಫೋನ್ ಮಾಡು.

ನಿನ್ನ,
ಎರಡನೇ ಸಾಲಿನ ಸೈನಿಕ