ಚೆಂಡನ್ನು ಚಿಕ್ಕವಳ ಕೈಗೆ ಕೊಟ್ಟವಳು

ಕೋಡಿಬಾಗ, ಕಾರವಾರ

ಪ್ರೀತಿಯ ಮೇಘಾ,

ಶಿರಸಿಯಲ್ಲಿ ಮಳೆ ಜೋರಂತೆ. ಇಲ್ಲೂ ಬಿಟ್ಟಿಲ್ಲ, ಕಾಳಿ ಹೊಳೆ ಕೆಂಪಾಗಿ ಹರಿಯುತ್ತಿದೆ. ನಿನ್ನೆ ನಿನ್ನ ಅಪ್ಪ ಫೋನಿನಲ್ಲಿ ಎಲ್ಲ ಹೇಳಿದ. ಫುಟ್‌ಬಾಲ್ ಮ್ಯಾಚಿನಲ್ಲಿ ನೀನು ಹೊಡೆದ ಪೆನಾಲ್ಟಿಯನ್ನು ಗೋಲ್‌ಕೀಪರ್ ಹಿಡಿದಳು. ಮುಂದಿನ ಮ್ಯಾಚಿನಲ್ಲಿ ಪೆನಾಲ್ಟಿ ಸಿಕ್ಕಾಗ ಕೋಚ್ ನಿನಗಿಂತ ಚಿಕ್ಕವಳನ್ನು ಕರೆದರು. ಅವತ್ತಿನಿಂದ ನೀನು ಮೈದಾನದ ಕಡೆ ತಲೆ ಹಾಕಿಲ್ಲ. ಮೂರು ವಾರ ಆಯ್ತಂತೆ. ಫೋನ್ ಮಾಡಿದರೆ ‘ಹೂಂ ಅತ್ತೆ’ ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಿನ್ನ ಕೋಣೆಯ ಗೋಡೆಗೆ ಕ್ರಿಸ್ಟೀನ್ ಸಿಂಕ್ಲೇರ್ ಚಿತ್ರ ಅಂಟಿಸಿದ್ದೀಯಲ್ಲ, ಕೆನಡಾ ಫುಟ್‌ಬಾಲ್ ತಂಡದ 12ನೇ ನಂಬರ್ ಜೆರ್ಸಿಯದ್ದು. ಕೆಳಗೆ ನೀನೇ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ 190 ಎಂದು ಬರೆದಿದ್ದೀಯ. ದೇಶಕ್ಕಾಗಿ ಅಷ್ಟು ಗೋಲು ಅವಳಿಗಿಂತ ಮೊದಲು ಗಂಡಸರೂ ಹೊಡೆದಿರಲಿಲ್ಲ, ಹೆಂಗಸರೂ ಹೊಡೆದಿರಲಿಲ್ಲ, ಸರಿ. ಆದರೆ ಅವಳು ಆಡಿದ್ದು 331 ಮ್ಯಾಚು. 2000ದಲ್ಲಿ 16 ವರ್ಷದ ಹುಡುಗಿಯಾಗಿ ಶುರುಮಾಡಿ, 2023ರಲ್ಲಿ 40 ತುಂಬಿದ ಮೇಲೆ ನಿಲ್ಲಿಸಿದಳು. ಆ 331 ಅನ್ನೂ ಅಲ್ಲೇ ಪಕ್ಕದಲ್ಲಿ ಬರಿ, ಮಗಾ. ಗೋಲಿಲ್ಲದೆ ಮನೆಗೆ ಬಂದ ದಿನಗಳೂ ಅದರಲ್ಲಿವೆ.

2012ರ ಲಂಡನ್ ಒಲಿಂಪಿಕ್ಸ್ ಸೆಮಿಫೈನಲ್ಲಿನಲ್ಲಿ ಅಮೆರಿಕದ ಎದುರು ಕೆನಡಾದ ಮೂರು ಗೋಲೂ ಅವಳದ್ದೇ. ಆದರೂ 4-3ರಿಂದ ಸೋತರು, ಅದೂ ಹೆಚ್ಚುವರಿ ಸಮಯದ ಕೊನೆಯ ಗಳಿಗೆಯಲ್ಲಿ. ಅವತ್ತು ಬೂಟು ಬಿಚ್ಚಿಟ್ಟುಬಿಟ್ಟಿದ್ದರೆ ಯಾರೂ ಬೈಯುತ್ತಿರಲಿಲ್ಲ. ಮುಂದಿನ ಮ್ಯಾಚಿಗೆ ಇಳಿದಳು, ಕಂಚು ಬಂತು.

ನಾನು ನಿಜವಾಗಿ ಹೇಳಬೇಕಾದ್ದು ಟೋಕಿಯೋದ್ದು, 2021ರದ್ದು. ಆಗ ಅವಳಿಗೆ 38. ಕ್ವಾರ್ಟರ್ ಫೈನಲ್ಲಿನಲ್ಲಿ ಬ್ರೆಜಿಲ್ ಎದುರು ಆಟ ಸಮವಾಗಿ ಪೆನಾಲ್ಟಿ ಶೂಟೌಟ್, ಒಬ್ಬೊಬ್ಬರಾಗಿ ಹೊಡೆಯುವುದು. ಕೆನಡಾದ ಮೊದಲ ಹೊಡೆತ ಅವಳದ್ದು. ಗೋಲ್‌ಕೀಪರ್ ತಡೆದಳು! ಉಳಿದ ಹುಡುಗಿಯರು ಹೊಡೆದು ತಂಡವನ್ನು ದಾಟಿಸಿದರು. ಮೂರೇ ದಿನಕ್ಕೆ ಸೆಮಿಫೈನಲ್, ಮತ್ತೆ ಅದೇ ಅಮೆರಿಕ. ಹೊರಗೆ ಮಳೆ, ಕರೆಂಟ್ ಹೋದೀತು ಅಂತ ನಾನು ಟಿವಿ ಮುಂದೆ ಜೀವ ಹಿಡಿದು ಕೂತಿದ್ದೆ. ಕೆನಡಾಕ್ಕೆ ಪೆನಾಲ್ಟಿ ಸಿಕ್ಕಿತು. ಚೆಂಡು ಸಿಂಕ್ಲೇರ್ ಕೈಯಲ್ಲಿತ್ತು. ಜಗತ್ತಿನಲ್ಲೇ ಹೆಚ್ಚು ಗೋಲು ಹೊಡೆದವಳು, ತಂಡದ ಕ್ಯಾಪ್ಟನ್. ಅವಳು ಆ ಚೆಂಡನ್ನು 23 ವರ್ಷದ ಜೆಸ್ಸಿ ಫ್ಲೆಮಿಂಗ್ ಕೈಗೆ ಕೊಟ್ಟಳು. ಫ್ಲೆಮಿಂಗ್ ಹೊಡೆದಳು, 1-0. ಕೆನಡಾ ಅಮೆರಿಕವನ್ನು ಸೋಲಿಸಿ 20 ವರ್ಷ ಆಗಿತ್ತು.

ಫೈನಲ್ಲಿನಲ್ಲಿ ಸ್ವೀಡನ್ನಿನವರು ಸಿಂಕ್ಲೇರಳನ್ನೇ ಕೆಡವಿ ಪೆನಾಲ್ಟಿ ಕೊಟ್ಟರು. ಅದನ್ನೂ ಹೊಡೆದದ್ದು ಫ್ಲೆಮಿಂಗ್. ಕೊನೆಗೆ ಚಿನ್ನದ ಪದಕ ಇಬ್ಬರ ಕೊರಳಿಗೂ ಬಿತ್ತು.

ಇದು ನನಗೆ ಯಾಕೆ ಇಷ್ಟು ತಾಗಿತು ಗೊತ್ತಾ? ನಿನ್ನ ವಯಸ್ಸಿನಲ್ಲಿ ನಾನು ಖೋಖೋ ಆಡುತ್ತಿದ್ದೆ. ಒಂದು ಮ್ಯಾಚಿನಲ್ಲಿ ಬೇಗ ಔಟಾದೆ. ಮರುದಿನ ನನ್ನ ಜಾಗಕ್ಕೆ ಬೇರೆ ಹುಡುಗಿಯನ್ನು ಹಾಕಿದರು. ಸಿಟ್ಟು ಬಂದು ಮನೆಯಲ್ಲೇ ಕೂತೆ. ಯಾರಾದರೂ ಕರೆಯಲು ಬರುತ್ತಾರೆ ಅಂದುಕೊಂಡಿದ್ದೆ. ಯಾರೂ ಬರಲಿಲ್ಲ. ಆಮೇಲೆ ಹೋಗಲು ನಾಚಿಕೆ. ಹಾಗೇ ಆಟ ಬಿಟ್ಟುಹೋಯಿತು. ಈಗಲೂ ಶಾಲೆಯ ಬಯಲಲ್ಲಿ ‘ಖೋ’ ಅನ್ನುವುದು ಕೇಳಿದರೆ ಕಾಲು ನಿಂತುಬಿಡುತ್ತದೆ.

ನಿನ್ನನ್ನು ಕರೆಯಲು ನಾನಿದ್ದೇನೆ. ಸೋಮವಾರ ಪ್ರ್ಯಾಕ್ಟೀಸಿಗೆ ಹೋಗು. ಕೋಚ್ ಹತ್ತಿರ ಸುಮ್ನೆ ‘ಬಂದೆ ಸರ್’ ಅನ್ನು, ಸಾಕು. ಇನ್ನೊಮ್ಮೆ ಪೆನಾಲ್ಟಿಗೆ ಆ ಚಿಕ್ಕವಳ ಹೆಸರೇ ಹೇಳಿದರೆ, ಚೆಂಡನ್ನು ನೀನೇ ಎತ್ತಿಕೊಂಡು ಹೋಗಿ ಅವಳಿಗೆ ಕೊಡು. ಅವಳಿಗೂ ಕೈಕಾಲು ನಡುಗುತ್ತಿರುತ್ತದೆ, ಅಲ್ವಾ?

ಮಳೆ ಹಿಂದಾದ ಮೇಲೆ ಒಂದು ಶನಿವಾರ ದೇವಿಮನೆ ಘಟ್ಟ ಇಳಿದು ಕುಮಟಾ ಮೇಲೆ ಬಂದುಬಿಡು. ಇಳಿತದ ಹೊತ್ತಿಗೆ ಟ್ಯಾಗೋರ್ ಬೀಚಿನ ಮರಳು ಗಟ್ಟಿ ಇರುತ್ತದೆ. ಅಲ್ಲಿ ಹುಡುಗರು ಆಡುತ್ತಾರೆ, ನೀನೂ ಸೇರಿಕೋ. ಬೂಟು ತರಬೇಡ, ಬರಿಗಾಲೇ ಒಳ್ಳೆಯದು.

ನಿನ್ನ
ಅತ್ತೆ