ಬಣ್ಣ ಎಲ್ಲಿ ಹೋಯಿತು ಅಂತ ನಾವು ಕೇಳಲೇ ಇಲ್ಲ

ಗೆಳೆಯಾ,

ನಿನ್ನ ಪತ್ರ ಬಂದು ಹತ್ತು ದಿನ ಆಯಿತು. ತಡವಾಯಿತು ಅಂತ ಬೈಯಬೇಡ, ಪರೀಕ್ಷೆ ಇತ್ತು ಅನ್ನುವ ನೆಪ ನನ್ನ ಹತ್ತಿರ ಇದೆ. ಎರಡು ವರ್ಷ ಕೆಲಸ ಮಾಡಿ ಈಗ ಮತ್ತೆ ಕೆಮಿಸ್ಟ್ರಿ ಎಂ.ಎಸ್ಸಿ. ಸೇರಲಾ ಅಂತ ಕೇಳಿದ್ದೀಯ. "ಡಿಗ್ರಿಯಲ್ಲಿ ಓದಿದ್ದನ್ನೇ ಇನ್ನೂ ದಪ್ಪ ಪುಸ್ತಕದಲ್ಲಿ ಓದೋದು ತಾನೇ?" ಅಂತ ಬೇರೆ ಬರೆದಿದ್ದೀಯ. ಸೇರುವ ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ.

ನಮ್ಮ ಪರ್ಮಾಂಗನೇಟ್ ಟೈಟ್ರೇಶನ್ ನೆನಪಿದೆಯಾ? ಬ್ಯೂರೆಟ್ ತುಂಬ ನೇರಳೆ ದ್ರಾವಣ, ಕೆಳಗೆ ಫ್ಲಾಸ್ಕಿನಲ್ಲಿ ಬಿಸಿ ಮಾಡಿದ ಆಕ್ಸಾಲಿಕ್ ಆಸಿಡ್. ಹನಿ ಬೀಳೋದು, ಬಣ್ಣ ಮಾಯವಾಗೋದು. ಕೊನೆಯ ಹನಿಗೆ ತಿಳಿ ಗುಲಾಬಿ ಉಳಿದರೆ ರೀಡಿಂಗ್ ಬರೆದುಕೊಂಡು ಫ್ಲಾಸ್ಕ್ ತೊಳೆಯೋದು. ಎರಡು ರೀಡಿಂಗ್ ಹೊಂದದಿದ್ದರೆ ನಾವೇ ಹೊಂದಿಸುತ್ತಿದ್ದೆವು. ನೀನು ಸ್ವಲ್ಪ ಜಾಸ್ತಿ, ಬಿಡು.

ಇಲ್ಲಿ ಮೊದಲ ವಾರವೇ ಇನಾರ್ಗ್ಯಾನಿಕ್ ಮೇಷ್ಟ್ರು ಕೇಳಿದರು: ಪರ್ಮಾಂಗನೇಟ್ ಯಾಕೆ ನೇರಳೆ? ನಾನು ಠೀವಿಯಿಂದ ಕೈ ಎತ್ತಿದೆ. ಅದರಲ್ಲಿರುವ ಮ್ಯಾಂಗನೀಸಿನ ಡಿ ಎಲೆಕ್ಟ್ರಾನುಗಳು, ಅಂದರೆ ಡಿ ಅನ್ನುವ ಮಟ್ಟದಲ್ಲಿರುವವು, ಬೆಳಕು ಹೀರಿ ಮೇಲಿನ ಮಟ್ಟಕ್ಕೆ ಜಿಗಿಯುತ್ತವೆ ಅಂದೆ. "ಅಲ್ಲಿ ಮ್ಯಾಂಗನೀಸ್ ಪ್ಲಸ್ 7, ಅಂದರೆ ಲೆಕ್ಕಕ್ಕೆ ಏಳು ಎಲೆಕ್ಟ್ರಾನ್ ಕಳೆದುಕೊಂಡಿದೆ. ಡಿ ಎಲೆಕ್ಟ್ರಾನ್ ಎಷ್ಟು ಉಳಿದಿವೆ?" ಲೆಕ್ಕ ಹಾಕಿದೆ. ಒಂದೂ ಇಲ್ಲ. "ಇಲ್ಲದ ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗಪ್ಪಾ ಜಿಗಿಯೋದು?"

ಕೂತುಬಿಟ್ಟೆ. ಆಮೇಲೆ ಗೊತ್ತಾಗಿದ್ದು ಏನಂದರೆ, ಬೆಳಕು ಬಿದ್ದಾಗ ಸುತ್ತಲಿನ ಆಕ್ಸಿಜನ್ನಿನ ಎಲೆಕ್ಟ್ರಾನು ಮ್ಯಾಂಗನೀಸಿನ ಕಡೆ ಹಾರುತ್ತದೆ. ಇದಕ್ಕೆ ಚಾರ್ಜ್ ಟ್ರಾನ್ಸ್‌ಫರ್ ಅನ್ನುತ್ತಾರೆ. ಈ ಹಾರಾಟಕ್ಕೆ ನಿಯಮದ ಅಡ್ಡಿ ಇಲ್ಲ, ಅದಕ್ಕೇ ಬಣ್ಣ ಅಷ್ಟು ಗಾಢ. ಟೈಟ್ರೇಶನ್ ಆದ ಮೇಲೆ ಮ್ಯಾಂಗನೀಸ್ ಪ್ಲಸ್ 2 ಆಗುತ್ತದೆ. ಆಗ ಐದು ಡಿ ಎಲೆಕ್ಟ್ರಾನ್ ಇರುತ್ತವೆ, ಐದು ಆರ್ಬಿಟಲ್‌ಗೆ (ಎಲೆಕ್ಟ್ರಾನಿನ ಮನೆ ಅನ್ನು) ಒಂದೊಂದು, ಎಲ್ಲದರ ಸ್ಪಿನ್ ಒಂದೇ ಕಡೆಗೆ. ಯಾವುದು ಜಿಗಿಯಬೇಕಾದರೂ ಸ್ಪಿನ್ ತಿರುಗಿಸಬೇಕು. ಅದಕ್ಕೆ ನಿಯಮ ಒಪ್ಪುವುದಿಲ್ಲ. ಹಾಗಾಗಿ ಬೆಳಕನ್ನು ಹೀರುವುದೇ ಅಪರೂಪ, ಬಣ್ಣ ಇದೆಯೋ ಇಲ್ಲವೋ ಅನ್ನುವಷ್ಟು ತಿಳಿ. ಎಲೆಕ್ಟ್ರಾನ್ ಇಲ್ಲದವನಿಗೆ ಕಡು ನೇರಳೆ, ಐದು ಇರುವವನಿಗೆ ಬಣ್ಣದ ಭಾಗ್ಯವೇ ಇಲ್ಲ!

ಮೊದಲ ಹನಿಯ ಬಣ್ಣ ಹೋಗಲು ತಡವಾಗುತ್ತಿತ್ತು, ಆಮೇಲೆ ಸರಸರ ಹೋಗುತ್ತಿತ್ತು, ಅಲ್ವಾ? ನಾವು ಬಿಸಿ ಸಾಲದು ಅಂತ ಬರ್ನರ್ ದೊಡ್ಡದು ಮಾಡುತ್ತಿದ್ದೆವು. ಹುಟ್ಟುವ ಆ ಪ್ಲಸ್ 2 ಮ್ಯಾಂಗನೀಸೇ ರಿಯಾಕ್ಷನ್ನಿನ ವೇಗ ಹೆಚ್ಚಿಸುತ್ತದಂತೆ. ಮೂರು ವರ್ಷ ಆ ಬ್ಯೂರೆಟ್ ಮುಂದೆ ನಿಂತವರು ನಾವು. ಒಂದು ದಿನವಾದರೂ ಕೇಳಿದೆವಾ?

ಗಣಿತಕ್ಕೆ ಹೆದರಿದ್ದೀಯ. ಹೆದರಿಕೆ ಸುಳ್ಳಲ್ಲ. ಎಲೆಕ್ಟ್ರಾನು ಹೇಗಿರುತ್ತದೆ ಅಂತ ಲೆಕ್ಕ ಹಾಕುವ 1926ರ ಶ್ರೋಡಿಂಗರ್ ಸಮೀಕರಣವನ್ನು ಹೈಡ್ರೋಜನ್ ಅಣುವಿಗಲ್ಲ, ಬರೀ ಒಂದು ಹೈಡ್ರೋಜನ್ ಪರಮಾಣುವಿಗೆ ಬಿಡಿಸುವಷ್ಟರಲ್ಲಿ ನನ್ನ ನೋಟ್‌ಬುಕ್ಕಿನ ಹನ್ನೊಂದು ಪುಟ ಹೋಯಿತು. ಇಷ್ಟಾದ ಮೇಲೆ ಹೇಳುತ್ತಾರೆ, ಹೀಲಿಯಂಗೆ ಹೀಗೆ ಪೂರ್ತಿ ಉತ್ತರ ಸಿಗುವುದಿಲ್ಲ, ಎರಡು ಎಲೆಕ್ಟ್ರಾನು ಒಂದನ್ನೊಂದು ತಳ್ಳುತ್ತವೆ, ಇನ್ನು ಮುಂದೆಲ್ಲ ಅಂದಾಜು ಅಂತ. ಎರಡನೇ ಧಾತುವಿಗೇ! ನಿಜ ಹೇಳಲಾ, ಅವತ್ತು ನನಗೆ ಒಂಥರಾ ಸಮಾಧಾನ ಆಯಿತು. ಗ್ರೂಪ್ ಥಿಯರಿ, ಅಂದರೆ ಅಣುಗಳ ಸಮ್ಮಿತಿಯ ಗಣಿತ, ಅಷ್ಟು ಕಷ್ಟವಿಲ್ಲ. ನೀರಿನ ಅಣುವನ್ನು ಕಣ್ಣ ಮುಂದೆ ತಂದುಕೊಂಡು ತಿರುಗಿಸೋದು, ಕನ್ನಡಿ ಹಿಡಿಯೋದು, ಅಷ್ಟೇ. ಮ್ಯಾಟ್ರಿಕ್ಸ್ ಗುಣಿಸೋದು ಮಾತ್ರ ನೆನಪು ಮಾಡಿಕೊಂಡು ಬಾ.

ಲ್ಯಾಬಿನ ಕಥೆ ಬೇರೆ. ಗ್ರಿನ್ಯಾರ್ ಅನ್ನುವವನ ಹೆಸರಿನ ಮೆಗ್ನೀಸಿಯಂ ರಿಯೇಜೆಂಟ್ ಮಾಡಲು ಹೋಗಿ ಮೂರು ಸಲ ಸೋತೆ, ಅದಕ್ಕೆ ನೀರು ಆಗುವುದಿಲ್ಲ. ಆ ಮನುಷ್ಯನಿಗೆ 1912ರಲ್ಲಿ ನೊಬೆಲ್ ಸಿಕ್ಕಿತು, ನನಗೆ ಬೈಗುಳ. ಗಾಜಿನ ಪಾತ್ರೆಯಲ್ಲಿ ತೇವ ಉಳಿದಿತ್ತು. ನಾಲ್ಕನೇ ಸಲ ಎಲ್ಲ ಓವನ್ನಿನಲ್ಲಿ ಒಣಗಿಸಿ, ಒಂದು ಚೂರು ಅಯೋಡಿನ್ ಹಾಕಿ ಕಾದೆ. ಕಂದು ಬಣ್ಣ ಹೋಗಿ ಈಥರ್ ತಾನಾಗಿ ಕುದಿಯತೊಡಗಿದಾಗ ಕುಣಿಯುವುದೊಂದು ಬಾಕಿ.

ಮಾನ ಹೋದದ್ದು ಎನ್‌ಎಂಆರ್‌ನಲ್ಲಿ, ಅಣುವಿನಲ್ಲಿ ಯಾವ ಗುಂಪುಗಳಿವೆ ಅಂತ ಗೆರೆಗಳಲ್ಲಿ ತೋರಿಸುವ ಯಂತ್ರ ಅದು. ನನ್ನ ಪದಾರ್ಥದಲ್ಲಿ ಈಥೈಲ್ ಗುಂಪು (ಎರಡು ಕಾರ್ಬನ್ನಿನ ತುಂಡು) ಇರಲೇಬಾರದು. ಸ್ಪೆಕ್ಟ್ರಮ್ ನೋಡಿದರೆ ಅದರ ಅಳತೆಪಟ್ಟಿಯ 1.26ರಲ್ಲಿ ಮೂರು ಗೆರೆ, 4.12ರಲ್ಲಿ ನಾಲ್ಕು ಗೆರೆ. ಸಾಕ್ಷಾತ್ ಈಥೈಲ್! ಏನೋ ಹೊಸದು ಸಿಕ್ಕಿತು ಅಂತ ಅರ್ಧ ರಾತ್ರಿ ಕೂತು ಮೆಕ್ಯಾನಿಸಂ, ಅಂದರೆ ರಿಯಾಕ್ಷನ್ ಹಂತ ಹಂತವಾಗಿ ಹೇಗೆ ನಡೆಯಿತು ಅನ್ನೋದು, ಬರೆದೆ. ಬಾಣದ ಮೇಲೆ ಬಾಣ. ಬೆಳಿಗ್ಗೆ ಸೀನಿಯರ್ ಒಬ್ಬರು ಒಂದೇ ಸಲ ನೋಡಿ, "2.05ರಲ್ಲೂ ಒಂದು ಗೆರೆ ಇದೆಯಲ್ಲ, ಶುದ್ಧ ಮಾಡುವಾಗ ಕಾಲಂಗೆ ಯಾವ ಸಾಲ್ವೆಂಟ್ ಹಾಕಿದ್ದೆ?" ಅಂದರು. ಈಥೈಲ್ ಅಸಿಟೇಟ್. ನಾನು ಕಂಡ ಈಥೈಲ್ ಅದರದ್ದೇ. ಒಣಗಿಸದೆ ಹಾಗೇ ಒಯ್ದಿದ್ದೆ. ಒಂದು ರಾತ್ರಿ ವ್ಯಾಕ್ಯೂಮ್ ಪಂಪಿಗೆ ಹಾಕಿದೆ. ಆ ಮೂರು ಜಾಗದ ಗೆರೆಗಳೂ ಹೋದವು, ಜೊತೆಗೆ ನನ್ನ 71 ಪರ್ಸೆಂಟ್ ಯೀಲ್ಡ್ 58ಕ್ಕೆ ಇಳಿಯಿತು. ಅಷ್ಟು ದಿನ ಸಾಲ್ವೆಂಟನ್ನೂ ಸೇರಿಸಿ ತೂಗಿ ಬೀಗಿದ್ದೆ ನೋಡು. ಆ ಮೆಕ್ಯಾನಿಸಂ ಬರೆದ ಹಾಳೆ ಇನ್ನೂ ಇಟ್ಟುಕೊಂಡಿದ್ದೇನೆ.

ಮುಂದೆ ಕೆಲಸ ಸಿಗುತ್ತಾ ಅಂತ ಕೇಳಿದ್ದೀಯ. ಅದನ್ನು ನನಗಿಂತ ಕೆಲಸದಲ್ಲಿರುವ ನೀನೇ ಚೆನ್ನಾಗಿ ಬಲ್ಲೆ. ನನ್ನ ಲೆಕ್ಕ ಬೇರೆ. ಪರ್ಮಾಂಗನೇಟ್ ಪುರಾಣ ಓದುವಾಗ ಆಕಳಿಕೆ ಬಂದಿದ್ದರೆ ಸುಮ್ನೆ ಎರಡು ವರ್ಷ ಹಾಳು ಮಾಡಿಕೊಳ್ಳಬೇಡ ಕಣೋ.

ಬರಲಿಲ್ಲ ಅನ್ನುವುದಾದರೆ ಇದನ್ನು ಯೋಚಿಸು. ನೀಲಿ ಕಾಪರ್ ಸಲ್ಫೇಟನ್ನು ಕಾಯಿಸಿದರೆ ನೀರು ಹೋಗಿ ಬಿಳಿ ಪುಡಿ ಆಗುತ್ತದಲ್ಲ? ಕಾಪರ್ ಅದೇ ಪ್ಲಸ್ 2. ಡಿ ಎಲೆಕ್ಟ್ರಾನ್ ಮೊದಲೂ ಒಂಬತ್ತು, ಆಮೇಲೂ ಒಂಬತ್ತು. ಹಾಗಾದರೆ ನೀಲಿ ಎಲ್ಲಿ ಹೋಯಿತು? ಪುಸ್ತಕ ತೆಗೆಯದೆ ಬರೆದು ಕಳಿಸು.

ನಿನ್ನ,
ಹಳೆಯ ಲ್ಯಾಬ್ ಜೊತೆಗಾರ