ಗಾಂಧಿ ಬಜಾರಿನ ಬಟ್ಟೆ ಅಂಗಡಿ ಅಣ್ಣನಿಗೆ

ಬೆಳಿಗ್ಗೆ ತಂಗಿಯ ಧಾರೆ. ಹಿಂದಿನ ರಾತ್ರಿ ಸೋದರಮಾವನ ಬ್ಯಾಗು ಪಂಚೆ, ಶಲ್ಯದ ಸಮೇತ ಬಸ್ಸಿನಲ್ಲೇ ಹೋಗಿಬಿಟ್ಟಿತ್ತು. ಶಿವಮೊಗ್ಗದ ಗಾಂಧಿ ಬಜಾರಿಗೆ ಓಡಿದೆ. ಎಲ್ಲ ಕಡೆ ಬಾಗಿಲು ಹಾಕುತ್ತಿದ್ದರು. ಒಂದು ಅಂಗಡಿಯ ಶಟರ್ ಅರ್ಧ ಇಳಿದಿತ್ತು, ಬಗ್ಗಿ ಕೇಳಿದೆ.

"ಮದುವೆ ಮನೆಯವರಾ? ಬನ್ನಿ ಬನ್ನಿ" ಎಂದು ಒಳಗಿದ್ದ ಅಣ್ಣ ಶಟರ್ ಎತ್ತಿದರು. ಆಫ್ ಮಾಡಿದ್ದ ಲೈಟು ಮತ್ತೆ ಹಾಕಿದರು. ಮಾವ ಎತ್ತರಾನಾ, ಕಚ್ಚೆ ಹಾಕ್ತಾರಾ ಎಂದು ವಿಚಾರಿಸಿದರು. ಕಚ್ಚೆಗೆ 4 ಮೊಳದ್ದು ಸಾಲಲ್ಲ ಅಲ್ವಾ, ನನಗೆ ಅದು ಹೊಳೆದೇ ಇರಲಿಲ್ಲ. ಕಟ್ಟಿಟ್ಟಿದ್ದ ಗಂಟು ಬಿಚ್ಚಿ ಉದ್ದದ್ದನ್ನೇ ಹುಡುಕಿ ಕೊಟ್ಟರು. ಒಂದು ಪೈಸೆ ಜಾಸ್ತಿ ತೆಗೆದುಕೊಳ್ಳಲಿಲ್ಲ. "ತುದಿಗೆ ಅರಿಶಿನ ಹಚ್ಚೋದು ಮರೀಬೇಡಿ" ಅಂದರು. ಆಗಲೇ ನನಗೆ ಉಸಿರು ಬಂದದ್ದು.

ಮಾವ ಅದನ್ನೇ ಉಟ್ಟು ತಂಗಿಯನ್ನು ಮಂಟಪಕ್ಕೆ ಕರೆತಂದರು. ಥ್ಯಾಂಕ್ಸ್ ಅಣ್ಣಾ.